ಸಾಲಿ ಚೇರ್ಮನ್

ಆದೋನಿಯಿಂದ ಹೊಳಗುಂದದ ಕಡೆಗೋ ಕೌತಾಳದ ಕಡೆಗೋ ಹೊರಡಿ, ಊರಿಗೊಬ್ಬನಂತೆ ಈತ ಸಿಗುತ್ತಾನೆ. ಗಂಜಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಬರೆಯುವುದಿಲ್ಲ. ಶಾಸಕನಾಗಲು ದುಡ್ಡಿಲ್ಲ, ಸರಪಂಚನಾಗಲು ಮೀಸಲಾತಿ ಬಿಡಲಿಲ್ಲ, ಸೊಸೈಟಿಯ ಕುರ್ಚಿ ಬೀಗರ ಮನೆ ಸೇರಿತು. ಉಳಿದದ್ದು ಒಂದೇ: ಊರ ಸಾಲಿ.

ಸಾಲಿಗೂ ಚೇರ್ಮನ್ ಉಂಟೇ ಎಂದು ಕೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕು. ಆಂಧ್ರದಲ್ಲಿ ತರಗತಿಗೆ ಮೂವರು. ಐದನೆಯವರೆಗಿನ ಶಾಲೆಯಾದರೆ 15 ಜನ, ಅವರೊಳಗೇ ಒಬ್ಬರು ಚೇರ್ಮನ್, ಒಬ್ಬರು ವೈಸ್ ಚೇರ್ಮನ್. 2024ರ ಆಗಸ್ಟ್ 8ರಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಈ ಚುನಾವಣೆ ನಡೆಯಿತು. ವಿಜಯದಶಮಿಯ ರಾತ್ರಿ ದೇವರಗಟ್ಟಿನ ಬನ್ನಿ ಉತ್ಸವದಲ್ಲಿ ಬಡಿಗೆ ಹಿಡಿದು ತಲೆ ಒಡೆದುಕೊಳ್ಳುವ ಸೀಮೆ ಇದು. ಇಲ್ಲಿ ಬರೀ ಕೈ ಎತ್ತಿದರೆ ಸಾಕು ಎಂದರೆ ಯಾರಿಗೆ ರುಚಿಸೀತು?

ಸ್ಪರ್ಧಿಸಲು ಒಂದೇ ಅರ್ಹತೆ, ಮಗು ಅದೇ ಸಾಲಿಯಲ್ಲಿ ಓದುತ್ತಿರಬೇಕು. ನಮ್ಮ ಅಭ್ಯರ್ಥಿಯ ಇಬ್ಬರು ಗಂಡುಮಕ್ಕಳು ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್' ಎಂದಿರುವ ಆದೋನಿಯ ಶಾಲೆಗೆ ಹಳದಿ ಬಸ್ಸಿನಲ್ಲಿ ಹೋಗುತ್ತಾರೆ. ಊರ ಕನ್ನಡ ಸಾಲಿಗೆ ಕಿರಿಯ ಮಗಳು. ಆಕೆಯೇ ಈತನ ಅರ್ಹತೆ.

"ಹುಡುಗಿ ಎಷ್ಟನೇ ಕ್ಲಾಸ್ರಿ?" ಎಂದು ಹೆಡ್‌ಮಾಸ್ತರು ಕೇಳಿದರೆ ಈತ ಹೆಂಡತಿಯ ಮುಖ ನೋಡುತ್ತಾನೆ.

ಪ್ರಚಾರದ ಭಾಷೆ ಕನ್ನಡ, ಬೈಗುಳದ ಭಾಷೆಯೂ ಕನ್ನಡ, ತೀರ್ಮಾನದ ಪುಸ್ತಕ ಮಾತ್ರ ತೆಲುಗು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟಾಗಿನಿಂದ ಈ ಸೀಮೆಯ ಬದುಕೇ ಹೀಗೆ. ಆದ್ದರಿಂದ ಸಹಿ ಹಾಕಿದ್ದು ಯಾವುದಕ್ಕೆ ಎಂದು ಕೇಳಿದರೆ ಈತ ಸಿಟ್ಟಾಗುತ್ತಾನೆ. ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ ಅನ್ನಿ.

ಇವನ ಭರವಸೆಗಳು ಸಣ್ಣವಲ್ಲ. 2024ರ ಜನವರಿ 31ರಂದು ಆಗಿನ ಸರ್ಕಾರ ಸರ್ಕಾರಿ ಶಾಲೆಗಳಿಗೆ 'ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್' ತರುತ್ತೇವೆಂದು ಜಿನೀವಾ ಮೂಲದ ಆ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಸುದ್ದಿ ಬಂದದ್ದೇ ತಡ, ಈತ ಕಟ್ಟೆಯ ಮೇಲೆ ನಿಂತ: "ಜಿನೀವಾದ ಪಾಠ ನಮ್ಮೂರಿಗೆ ಬರ್ತೈತಿ!"

"ಅದೆಲ್ಲೈತಣ್ಣ? ಗುಂತಕಲ್ಲಿನ ಆಚಿಗೇನು?"

"ಹ್ಞೂಂ, ಇನ್ನಾ ಸ್ವಲ್ಪ ಮುಂದ."

ಜೂನ್‌ನಲ್ಲಿ ಸರ್ಕಾರ ಬದಲಾಯಿತು. ಈತನ ಹೆಗಲ ಮೇಲಿನ ಟವೆಲ್ಲಿನ ಬಣ್ಣವೂ ಬದಲಾಯಿತು. ಆಗಸ್ಟ್ ಹೊತ್ತಿಗೆ ಜಿನೀವಾ ಭಾಷಣದಿಂದ ಜಾರಿ, ಪಾಯಿಖಾನೆಗೆ ನಲ್ಲಿ ಎಂಬಲ್ಲಿಗೆ ಬಂದು ನಿಂತಿತ್ತು. ಜಿನೀವಾಕ್ಕಿಂತ ಅದೇ ಜರೂರು ಎಂಬುದನ್ನು ತಾಯಂದಿರು ಮೊದಲಿನಿಂದಲೂ ಹೇಳುತ್ತಿದ್ದರು.

ಈ ಕುರ್ಚಿಗೆ ಇಷ್ಟು ಬೆಲೆ ಬಂದದ್ದು 'ನಾಡು-ನೇಡು' ಕಾಲದಲ್ಲಿ. 2019ರ ನವೆಂಬರ್ 14ರಂದು ಒಂಗೋಲಿನಲ್ಲಿ ಶುರುವಾದ ಆ ಯೋಜನೆಯ ಮೊದಲ ಹಂತದಲ್ಲೇ 15,715 ಶಾಲೆಗಳ ರಿಪೇರಿ ನಡೆಯಿತು. ಕೆಲಸ ಮಾಡಿಸುವ ಹೊಣೆ ತಂದೆತಾಯಿಗಳ ಕಮಿಟಿಯದು. ಅಲ್ಲಿಯವರೆಗೆ ಸಭೆಗೆ ಕರೆದರೆ ಹೊಲದಲ್ಲಿ ಕೆಲಸವಿದೆ ಎನ್ನುತ್ತಿದ್ದವರು, ಸಿಮೆಂಟ್ ಚೀಲ ಇಳಿದ ದಿನದಿಂದ ಬೆಳಿಗ್ಗೆಯೇ ಗೇಟಿನ ಬಳಿ ಹಾಜರು. ಈಗ 2025ರ 'ತಲ್ಲಿಕಿ ವಂದನಂ' ಯೋಜನೆಯಲ್ಲಿ 15,000 ರೂಪಾಯಿಯಲ್ಲಿ ತಾಯಿಯ ಖಾತೆಗೆ 13,000. ಉಳಿದ 2,000 ಶಾಲೆಗಳ ನಿರ್ವಹಣೆಗೆ. ಸಾಲಿಯಲ್ಲಿ ಎಷ್ಟು ಮಕ್ಕಳು, ಎರಡು ಸಾವಿರದಂತೆ ಎಷ್ಟಾಯಿತು, ಈ ಗುಣಾಕಾರ ಈತನಿಗೆ ಬಾಯಲ್ಲೇ ಬರುತ್ತದೆ.

ಗೆದ್ದ ಮೇಲೆ? ಮೊದಲ ತಿಂಗಳು ಮಧ್ಯಾಹ್ನದ ಊಟದ ರುಚಿ ನೋಡಲು ದಿನವೂ ಬರುತ್ತಾನೆ, ಮೊಟ್ಟೆಯ ದಿನ ತುಸು ಬೇಗ. ಹಳ್ಳಿಯಲ್ಲಿ ಕೂಲಿ ಮುಗಿದ ಕೂಡಲೇ ಜನ 'ಸುಗ್ಗಿ'ಗೆಂದು ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಮಕ್ಕಳನ್ನೂ ಕಟ್ಟಿಕೊಂಡು ಹೊರಡುತ್ತಾರೆ. ಕೋಸಿಗಿ, ಮಂತ್ರಾಲಯದ ಕಡೆ ಬೀದಿಗೆ ಬೀದಿಯೇ ಬೀಗ. ಕಮಿಟಿಯ ತಾಯಂದಿರೂ ಆ ಲಾರಿಯಲ್ಲೇ. ಆಗ ಸಭೆಗೆ ಉಳಿಯುವುದು ಹೆಡ್‌ಮಾಸ್ತರು ಮತ್ತು ಈತ. ನಿಜ ಹೇಳಬೇಕೆಂದರೆ ಈತನನ್ನು ಸಹಿಸಿಕೊಳ್ಳಬೇಕಾದ ಹೊತ್ತು ಅದೇ. ಯಾರ ಮಗು ಅಜ್ಜಿಯ ಹತ್ತಿರ ಉಳಿದಿದೆ, ಯಾರದು ಗುಂಟೂರಿಗೆ ಹೋಗಿದೆ, ಯಾರನ್ನು ಸೀಸನಲ್ ಹಾಸ್ಟೆಲಿಗೆ ಸೇರಿಸಬಹುದು, ಈತ ಮನೆಮನೆ ಲೆಕ್ಕ ಒಪ್ಪಿಸುತ್ತಾನೆ. ಹೆಡ್‌ಮಾಸ್ತರು ಬರೆದುಕೊಳ್ಳುತ್ತಾರೆ. ಇಂಥ ಕೆಲಸಕ್ಕೆ ಭಾಷಣವೂ ಬೇಡ, ಟವೆಲ್ಲೂ ಬೇಡ.

ಒಂದೇ ಚಿಂತೆ. ಅವಧಿ ಎರಡು ವರ್ಷವಾದರೂ ಮಗು ಸಾಲಿ ಬಿಟ್ಟರೆ ಸದಸ್ಯತ್ವವೂ ಹೋಗುತ್ತದೆ. "ಇನ್ನೊಂದು ವರ್ಷ ಐದನೇ ಕ್ಲಾಸಿನ್ಯಾಗ ಕುಂದ್ರಸ್ರಿ ಸಾರ್" ಎಂದು ಕೇಳಿ ನೋಡಿದ್ದಾನೆ. ಹೆಡ್‌ಮಾಸ್ತರು ಒಪ್ಪಿಲ್ಲ. ಹುಡುಗಿ ಲೆಕ್ಕದಲ್ಲಿ ಬಲು ಚುರುಕು, ಪಾಸಾಗುತ್ತಾಳೆ.