ಸರಿಯಾಗಿ ಆರು ಗಂಟೆಗೆ ಕಂಬನಿ

2025ರ ಜುಲೈ ತಿಂಗಳ ನಡುಭಾಗದಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ತೀರಿಕೊಂಡರು. ವಿಷಯ ಅವರಿಗೂ ಗೊತ್ತಿರಲಿಲ್ಲ. ಹಿರಿಯ ನಟಿ ಬಿ. ಸರೋಜಾದೇವಿಯವರ ಪಾರ್ಥಿವ ಶರೀರದ ದರ್ಶನ ಪಡೆದು ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದರೆಂದು ಅವರ ಕಚೇರಿ ಅಚ್ಚುಕಟ್ಟಾದ ಕನ್ನಡದಲ್ಲಿ ಹಾಕಿತ್ತು. ಅದನ್ನು ಫೇಸ್‌ಬುಕ್ಕಿನ ಯಂತ್ರ ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿತು. ತಿರುಗಿಸುವ ರಭಸದಲ್ಲಿ ನಮನ ಸಲ್ಲಿಸಿದವರನ್ನೇ ನಿಧನರಾದವರ ಸಾಲಿಗೆ ಸೇರಿಸಿಬಿಟ್ಟಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಗೆ ಪತ್ರ ಬರೆದು, ಕನ್ನಡ ಸರಿಯಾಗಿ ಬರುವ ತನಕ ಈ ಸ್ವಯಂ ಅನುವಾದ ನಿಲ್ಲಿಸಿ ಎಂದರು. ಕಂಪನಿ ಕ್ಷಮೆ ಕೇಳಿ, ದೋಷ ಸರಿಪಡಿಸಿದ್ದೇವೆ ಎಂದಿತು. ಸಿದ್ದರಾಮಯ್ಯನವರು ಹೆಚ್ಚು ನೊಂದುಕೊಳ್ಳಬೇಕಿಲ್ಲ. 2016ರ ನವೆಂಬರ್‌ನಲ್ಲಿ ಇದೇ ಫೇಸ್‌ಬುಕ್ ತನ್ನ ಧಣಿ ಮಾರ್ಕ್ ಜುಕರ್‌ಬರ್ಗ್ ಪುಟದ ಮೇಲೂ ಸ್ಮರಣೆಯ ಫಲಕ ತೂಗುಹಾಕಿತ್ತು. ಉಂಡ ಮನೆಯ ಗಳ ಎಣಿಸಿದ ಯಂತ್ರ ವಿಧಾನಸೌಧವನ್ನು ಬಿಟ್ಟೀತೆ?

ಸರೋಜಾದೇವಿಯವರು ಮಣ್ಣಾದದ್ದು ಚನ್ನಪಟ್ಟಣದ ದಶವಾರದಲ್ಲಿ. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರಿನಿಂದ ಬೆಂಗಳೂರು ದಾರಿ ಹಿಡಿದರೆ ಸಿಗುವ ಪಕ್ಕದ ತಾಲ್ಲೂಕು. ಸಾವಿನ ಮನೆಗೆ ಹೋಗುವುದೆಂದರೆ ಏನೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಗಬೇಕು, ಮುಖ ತೋರಿಸಬೇಕು, ಹೋಗದಿದ್ದರೆ ಮೂರು ತಲೆಮಾರು ಎತ್ತಿ ಆಡಿಸಿಕೊಳ್ಳಬೇಕು. ಅಂಥ ನಮ್ಮ ಜಿಲ್ಲೆಯಲ್ಲಿ ಈಗ ಗ್ರಾಮ ಪಂಚಾಯ್ತಿಗೆ ನಿಲ್ಲುವ ಆಸೆ ಇರುವವನಿಂದ ಹಿಡಿದು ಮೇಲಿನವರ ತನಕ ಎಲ್ಲರಿಗೂ ‘ಪೇಜ್ ನೋಡ್ಕೊಳೋ ಹುಡುಗ’ ಅಂತ ಒಬ್ಬನಿದ್ದಾನೆ. ಪಾಪ, ಒಳ್ಳೆಯ ಹುಡುಗ. ತಿಂಗಳ ಮೊದಲ ಭಾನುವಾರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುತ್ತಾನೆ. ಜಯಂತಿ, ಪುಣ್ಯಸ್ಮರಣೆ, ಹಬ್ಬ, ವಿಶ್ವ ಗುಬ್ಬಚ್ಚಿ ದಿನ, ಯಾವುದನ್ನೂ ಬಿಡುವುದಿಲ್ಲ. ಅಣ್ಣನ, ಅಂದರೆ ನಾಯಕನ, ಫೋಟೊ ಒಂದೇ, ಮುಗಿದ ಕೈ ಒಂದೇ, ನಗುವೂ ಅದೇ. ಹಬ್ಬಕ್ಕೆ ಹಿಂದೆ ಮಾವಿನ ತೋರಣ, ಪುಣ್ಯಸ್ಮರಣೆಗೆ ದೀಪ. ತಿಂಗಳ ಭಾವನೆಗಳನ್ನೆಲ್ಲ ಮೆಟಾದ ಬಿಸಿನೆಸ್ ಸೂಟ್‌ನಲ್ಲಿ ಶೆಡ್ಯೂಲ್ ಮಾಡಿ ಎದ್ದರೆ ಮಧ್ಯಾಹ್ನದ ಬಾಡೂಟಕ್ಕೆ ಹೊತ್ತು ಸರಿಯಾಗುತ್ತದೆ. ಆಮೇಲೆ ಇಡೀ ತಿಂಗಳು ಅಣ್ಣ ಮಲಗಿದ್ದರೂ ಅವರ ಶೋಕ ಬೆಳಗಿನ ಆರಕ್ಕೆ ಸರಿಯಾಗಿ ಎದ್ದು ಕೂರುತ್ತದೆ.

ಈ ಹುಡುಗನಿಗೆ 2018ರ ನವೆಂಬರ್ 24ರ ಶನಿವಾರವನ್ನು ಕೊಟ್ಟು ನೋಡಿ. ವಾರಾಂತ್ಯ, ಅವನೇ ನೋಡಿಕೊಳ್ಳುವ ಹೈವೇ ಹೋಟೆಲಿನ ಪೇಜಿಗೆ ಬಿರಿಯಾನಿ ಆಫರು, ಅಣ್ಣನ ಪೇಜಿಗೆ ಕಬಡ್ಡಿ ಪಂದ್ಯಾವಳಿಯ ಶುಭಾಶಯ. ಅವತ್ತು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿತು. 30 ಜನ ಹೋದರು, ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ನಟ, ರಾಜಕಾರಣಿ ಅಂಬರೀಷ್ ತೀರಿಕೊಂಡರು. ಮರುದಿನ ಹೆಲಿಕಾಪ್ಟರಿನಲ್ಲಿ ಪಾರ್ಥಿವ ಶರೀರ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಬಂದಾಗ ಮಂಡ್ಯಕ್ಕೆ ಮಂಡ್ಯವೇ ಅಲ್ಲಿತ್ತು. ಇಂಥ ದಿನ ಯಂತ್ರಕ್ಕೆ ಯಾರು ಹೇಳುವುದು, ತಡಿಯಪ್ಪ, ಬಿರಿಯಾನಿ ಇಳಿಸು ಅಂತ? ಹುಡುಗ ಜನಸಾಗರದ ನಡುವೆ ಇರುತ್ತಾನೆ, ಪಾಸ್‌ವರ್ಡು ಆಫೀಸಿನ ಕಂಪ್ಯೂಟರಿನಲ್ಲಿರುತ್ತದೆ.

ಇದು ಬರೀ ಊಹೆ ಎನ್ನುವವರು ಜರ್ಮನಿ ನೋಡಲಿ. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಒಡೆದು ಸುಟ್ಟರು. 2022ರಲ್ಲಿ ಅದೇ ದಿನ ಅಲ್ಲಿನ ಕೆಎಫ್‌ಸಿ ತನ್ನ ಗಿರಾಕಿಗಳ ಫೋನಿಗೆ ಸಂದೇಶ ಕಳಿಸಿತು: ಇವತ್ತು ಆ ರಾತ್ರಿಯ ಸ್ಮರಣೆ, ಗರಿಗರಿ ಚಿಕನ್ ಮೇಲೆ ಇನ್ನಷ್ಟು ಚೀಸ್ ಹಾಕಿಸಿಕೊಂಡು ಖುಷಿಪಡಿ ಎಂಬ ಅರ್ಥದ್ದು. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿ ಕೊಟ್ಟ ಕಾರಣ: ವಿಶೇಷ ದಿನಗಳ ಕ್ಯಾಲೆಂಡರಿಗೆ ಜೋಡಿಸಿದ್ದ ಅರೆ ಸ್ವಯಂಚಾಲಿತ ವ್ಯವಸ್ಥೆ. ಜರ್ಮನಿಯಲ್ಲೂ ನಮ್ಮ ಹುಡುಗನೇ ಇದ್ದಾನೆ ಎಂದಾಯ್ತು.

ಬೆಳಗಾದರೆ ಗುಲಾಬಿ, ಕಾಫಿ ಕಪ್ಪು, ಸೂರ್ಯೋದಯ ಹಾಕಿ ಶುಭೋದಯ ಕೋರುವ ಗ್ರೂಪುಗಳ ಅಡ್ಮಿನ್ನುಗಳೂ ಹುಷಾರಾಗಿರಬೇಕು. 2017ರ ಅಕ್ಟೋಬರ್‌ನಲ್ಲಿ ಪ್ಯಾಲೆಸ್ಟೀನಿನ ಒಬ್ಬ ಕಾರ್ಮಿಕ ಬುಲ್ಡೋಜರಿಗೆ ಒರಗಿ ನಿಂತ ಫೋಟೊ ಹಾಕಿ ಅರಬ್ಬಿಯಲ್ಲಿ ಶುಭೋದಯ ಎಂದು ಬರೆದ. ಫೇಸ್‌ಬುಕ್ ಅದನ್ನು ಹೀಬ್ರೂ ಭಾಷೆಯಲ್ಲಿ ‘ಅವರ ಮೇಲೆ ದಾಳಿ ಮಾಡಿ’ ಎಂದು ತೋರಿಸಿತು. ಇಸ್ರೇಲಿನ ಪೊಲೀಸರು ಅವನನ್ನು ಎಳೆದೊಯ್ದರು. ಅರಬ್ಬಿ ಬಲ್ಲ ಒಬ್ಬ ಪೊಲೀಸನೂ ಅದನ್ನು ಮೊದಲೇ ಓದಿ ನೋಡಿರಲಿಲ್ಲ. ನಮ್ಮ ಕಡೆಯ ಮಾತನ್ನು ಆ ಯಂತ್ರದ ಬಾಯಿಗೆ ಕೊಟ್ಟರೆ ಏನಾದೀತೋ! ಮಂಡ್ಯದಲ್ಲಿ ಪ್ರೀತಿಯಿಂದ ಮಾತಾಡಿಸಿದರೂ ಹೊರಗಿನವರಿಗೆ ಜಗಳದ ಹಾಗೇ ಕೇಳುತ್ತದೆ.

ವೇಳಾಪಟ್ಟಿ ಎಂದರೆ ನಮಗೇನೂ ಹೊಸದಲ್ಲ. ವಿ.ಸಿ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ; ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ. ಆದರೆ ಆ ವೇಳಾಪಟ್ಟಿಯ ಹಿಂದೆ ಒಬ್ಬ ನೀರುಗಂಟಿ ಇರುತ್ತಾನೆ. ಏರಿ ಮೇಲೆ ನಡೆಯುತ್ತಾನೆ, ಮಳೆ ಸುರಿದರೆ ತೂಬು ಇಳಿಸುತ್ತಾನೆ, ನಾಲೆ ಒಡೆದರೆ ಕೂಗಿಕೊಳ್ಳುತ್ತಾನೆ, ನೀರು ತಪ್ಪಿದರೆ ಬೈಸಿಕೊಳ್ಳುವುದಕ್ಕೂ ಅವನೇ ಸಿಗುತ್ತಾನೆ. ಶೆಡ್ಯೂಲ್ ಮಾಡಿದ ಪೋಸ್ಟಿಗೆ ನೀರುಗಂಟಿ ಇಲ್ಲ. 2023ರ ಸೆಪ್ಟೆಂಬರ್ 23ರಂದು ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಗಿತ್ತು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಅವತ್ತು ನೀರು 100 ಅಡಿಯೂ ಇರಲಿಲ್ಲ. ಹಿಂದಿನ ವರ್ಷದ ತುಂಬಿದ ಕಟ್ಟೆಯ ಫೋಟೊಗೆ ‘ಈ ಸವಿನೆನಪು’ ಎಂದು ಬಣ್ಣದ ಚೌಕಟ್ಟು ಹಾಕಿ ಯಂತ್ರ ಅದೇ ಬೆಳಿಗ್ಗೆ ಮುಂದಿಟ್ಟರೆ, ಸಂಜಯ ವೃತ್ತದಲ್ಲಿ ನಿಂತವನು ಕಲ್ಲು ಹುಡುಕುವುದಿಲ್ಲವೆ? ಹುಡುಕಿದರೂ ಹೊಡೆಯುವುದು ಯಾರಿಗೆ?

ಇತ್ತೀಚೆಗೆ ಹುಡುಗ ಕ್ಯಾಪ್ಷನ್ನನ್ನೂ ಎಐ ಕೈಲಿ ಬರೆಸುತ್ತಾನೆ. ‘ಮದ್ದೂರಿನ ಹೃದಯಭಾಗದಲ್ಲಿ ಪರಂಪರೆಯ ಸೊಗಡು’ ಎಂದು ಶುರುವಾಗುವ ಆ ವಾಕ್ಯಗಳು ಕುಣಿಗಲ್ಲಿಗೂ ಒಪ್ಪುತ್ತವೆ, ಕೊಚ್ಚಿಗೂ ಒಪ್ಪುತ್ತವೆ. ಚಿತ್ರ ಬರೆಸಿದರೆ ಮದ್ದೂರು ವಡೆಗೆ ನಡುವೆ ತೂತು ಕೊರೆದು ಕೊಟ್ಟರೂ ಕೊಟ್ಟೀತು. ರೈಲು ಪ್ಲಾಟ್‌ಫಾರಂ ಬಿಡುವ ಮೊದಲು ಕೈಗೆ ಬಂದ ವಡೆಯನ್ನು ಅದು ಒಮ್ಮೆಯೂ ಮುರಿದು ತಿಂದಿಲ್ಲ, ಅದರ ತಪ್ಪಲ್ಲ.

ಊರೂರು ಸುತ್ತಿದ ಮಾತೊಂದಿದೆ. ‘ಜಾಗ್ವಾರ್’ ಸಿನಿಮಾದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕರೆದದ್ದು: ನಿಖಿಲ್ ಎಲ್ಲಿದ್ದೀಯಪ್ಪಾ. 2019ರ ಮಂಡ್ಯ ಲೋಕಸಭಾ ಚುನಾವಣೆ ಹೊತ್ತಿಗೆ ಅದು ಮಕ್ಕಳ ಬಾಯಲ್ಲೂ ಇತ್ತು. ನಿಖಿಲ್ ಎದುರು ಸುಮಲತಾ ಅವರು ಸುಮಾರು ಒಂದೂಕಾಲು ಲಕ್ಷ ಮತಗಳಿಂದ ಗೆದ್ದದ್ದು ಆ ತಮಾಷೆಯಿಂದ ಎಂದೇನೂ ನಾನು ಹೇಳುತ್ತಿಲ್ಲ. ಆದರೆ ಅದನ್ನು ಯಾರೂ ಆರು ಗಂಟೆಗೆ ಶೆಡ್ಯೂಲ್ ಮಾಡಿರಲಿಲ್ಲ. ನಗು ಬಂದವರು ಬಂದ ಹೊತ್ತಿಗೆ ಹಂಚಿದರು. ಇವತ್ತಿನ ಪೇಜುಗಳ ಮುಂದೆ ನಿಂತರೂ ಕೇಳಬೇಕೆನಿಸುವುದು ಅದನ್ನೇ: ಇದನ್ನು ಹಾಕಿದವನೇ, ಎಲ್ಲಿದ್ದೀಯಪ್ಪಾ?

ಕೇಳಿದವರಿಗೆ ಉತ್ತರವೂ ಸಿಗುತ್ತದೆ, ಅದೂ ಕ್ಷಣಾರ್ಧದಲ್ಲಿ. ಪೇಜಿಗೆ ತಾನಾಗಿ ಉತ್ತರಿಸುವ ಸೌಲಭ್ಯವನ್ನೂ ಹುಡುಗ ಜೋಡಿಸಿದ್ದಾನಲ್ಲ. ನಾಲೆಯ ಕೊನೆಭಾಗ ಎಂದರೆ ಮದ್ದೂರು, ಮಳವಳ್ಳಿ; ಅಲ್ಲಿಗೆ ನೀರು ಬರುವ ಮುಂಚೆ ಆಶ್ವಾಸನೆ ಬರುವುದು ವಾಡಿಕೆ. ಅಲ್ಲಿಯ ರೈತನೊಬ್ಬ ಅಣ್ಣನ ಪೇಜಿಗೆ ಬರೆದನೆಂದುಕೊಳ್ಳಿ, ಸಂಭಾಷಣೆ ಹೀಗೆ ಹೋಗುತ್ತದೆ:

“ಅಣ್ಣೋ, ನಾಲೆ ನೀರು ನಮ್ಮೂರ್ ತಂಕ ಬಂದೇ ಇಲ್ಲ. ಒಟ್ಲು ಒಣಗ್ತಾ ಐತೆ.”

“ನಿಮ್ಮ ಪ್ರೀತಿ, ಅಭಿಮಾನಕ್ಕೆ ಸದಾ ಚಿರಋಣಿ.”

“ಪ್ರೀತಿ ಅಲ್ಲ ಕಣಣ್ಣ, ನೀರು.”

“ನಿಮ್ಮ ಸಂದೇಶ ತಲುಪಿದೆ. ನಮ್ಮ ತಂಡ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸಲಿದೆ.”

“ಮಾತಾಡ್ತಿರೋದು ಮನ್ಸನೋ ಮಿಷನ್ನೋ? ಮಿಷನ್ ಆದ್ರೆ ಓಟಿನ ದಿನ ನಾನೂ ಒಂದು ಮಿಷನ್ ಕಳಿಸ್ತೀನಿ, ಎರಡೂ ಮಾತಾಡ್ಕಳ್ಲಿ.”

“ನಿಮ್ಮ ಬೆಂಬಲ ಹೀಗೇ ಇರಲಿ. ಶುಭದಿನ.”