ಹೆಸರು ಹಾನಗಲ್ಲು, ವಿಳಾಸ ಹುಬ್ಬಳ್ಳಿ

‘ಗಂಗೂಬಾಯಿಯವರ ಮನೆ ಎಲ್ರಿ?’ ಎಂದು ಹಾನಗಲ್ಲಿನಲ್ಲಿ ಕಾರು ನಿಲ್ಲಿಸಿ ಕೇಳಿದಿರೋ, ಕೆಟ್ಟಿರಿ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲ ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಊರಿನ ಪಾಲಿಗೆ ಬಂದದ್ದು ಹೆಸರಷ್ಟೇ.

ಹಾಗಂತ ಗಾಡಿ ತಿರುಗಿಸಬೇಡಿ. ಪಂಚಾಕ್ಷರಿ ಗವಾಯಿಗಳ ಕಾಡಶೆಟ್ಟಿಹಳ್ಳಿ ಇದೇ ತಾಲ್ಲೂಕು; 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿಯೂ ಇಲ್ಲೇ. ಕಣ್ಣಿಲ್ಲದ ಈ ಗುರು-ಶಿಷ್ಯರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಮಂದಿಗೆ ಸ್ವರದ ದಾರಿ ತೋರಿಸಿದರು. ಕಣ್ಣಿರುವ ನಮಗೆ ದೇವಗಿರಿಯ ದಾರಿಗೂ ಮೊಬೈಲೇ ಬೇಕು!

ಮುಂದೆ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ, ತತ್ವಪದಗಳ ಕವಿ ಶರೀಫಜ್ಜನ ಊರು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕಾಕಾ: ‘ತತ್ವಪದ ಆಮ್ಯಾಲ ಹಾಡೂಣು, ಮೊದ್ಲ ಸವಣೂರ ಖಾರಾ ಕಟ್ಟಿಸ್ರಿ.’ ಬಾಯಿ ಉರಿದರೆ ತಾರಸ್ಥಾಯಿ ತಾನೇ ಹತ್ತುತ್ತದಂತೆ.