ಬೆಂಕಿಗೆ ಬೀಗವಿಲ್ಲ

ನಮ್ಮ ಕಡೆ ಮನೆಯ ಮುಖ್ಯ ಕಾಗದಪತ್ರ ಇಡಲು ಪ್ರಶಸ್ತವಾದ ಜಾಗ ದೇವರ ಕೋಣೆ. ಸೈಟಿನ ಕ್ರಯಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್‌ಐಸಿ ಬಾಂಡು, ಗಂಡಹೆಂಡಿರ ಜಾತಕ ಎಲ್ಲವನ್ನೂ ಒಂದು ರೆಕ್ಸಿನ್ ಬ್ಯಾಗಿಗೆ ತುರುಕಿ ಮಂಟಪದ ಕೆಳಗಿನ ಕಪಾಟಿಗೆ ತಳ್ಳಿಬಿಟ್ಟರೆ ಮುಂದಿನದು ಅವನ ಜವಾಬ್ದಾರಿ. ಅದೇ ಕಪಾಟಿನಲ್ಲಿ, ಬ್ಯಾಗಿಗೆ ಒತ್ತಿಕೊಂಡು, ಎಳ್ಳೆಣ್ಣೆ ಬಾಟಲಿ, ಹೂಬತ್ತಿ ಕಟ್ಟು, ಕರ್ಪೂರದ ಡಬ್ಬಿ, ಬೆಂಕಿಪೊಟ್ಟಣ. ಮೇಲೆ ಉರಿಯುವ ದೀಪ. ಮನೆ ಸುಡಲೇಬೇಕೆಂದು ಪಣ ತೊಟ್ಟವನೂ ಸಾಮಾನನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಲಾರ. ಹೀಗಿದ್ದೂ ಊರಿನ ಮನೆಗಳೆಲ್ಲ ನೆಟ್ಟಗೆ ನಿಂತಿವೆಯೆಂದರೆ, ದೇವರಿದ್ದಾನೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೊಂಚ ಅನುಕೂಲವಾದ ಮೇಲೆ ಬ್ಯಾಗಿಗೆ ದೇವರ ಕೋಣೆಯಿಂದ ಬೀರುವಿಗೆ ಬಡ್ತಿ. ಬೀರು ಕಬ್ಬಿಣದ್ದು, ಹಿಡಿ ತಿರುಗಿಸಿದರೆ ಇಡೀ ಮನೆಗೆ ಕೇಳುವಂಥ ಸದ್ದು. ಕಳ್ಳನಿಗೆ ಅದು ಅಡ್ಡಿ, ನಿಜ. ಬೆಂಕಿಗೆ ಬೀಗ ಮುರಿಯುವ ಗೋಜೇ ಇಲ್ಲ. ಕಾಗದ ಹೊತ್ತಿಕೊಳ್ಳಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಸಾಕು. ಕೋಣೆಯೊಂದು ಪೂರ್ತಿ ಉರಿಯತೊಡಗಿದರೆ ಬಿಸಿ 600 ಡಿಗ್ರಿ ದಾಟುತ್ತದೆ. ಬೀರುವಿನ ತೆಳು ತಗಡು ಆ ಬಿಸಿಯನ್ನು ಒಂದಿಷ್ಟೂ ಸೋರದಂತೆ ಒಳಗೆ ತಲುಪಿಸುತ್ತದೆ. ಜ್ವಾಲೆ ಸೋಕದೆಯೇ ರೇಷ್ಮೆ ಸೀರೆಯೂ ಕ್ರಯಪತ್ರವೂ ಕರಕಲಾಗುತ್ತವೆ. ಬೀಗ ಮಾತ್ರ ಭದ್ರವಾಗಿರುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ನಮ್ಮ ಬೀದಿಯ ಒಂದು ಮನೆಯಲ್ಲಿ ಯುಪಿಎಸ್ ಬ್ಯಾಟರಿ ಹೊಗೆಯಾಡಿದ ರಾತ್ರಿಯ ನಂತರ. ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಬರಿಯಲ್ಲಿ ಅಕ್ಕಪಕ್ಕದವರೆಲ್ಲ ರಸ್ತೆಗೆ ಬಂದಾಗ ಯಾರ ಕೈಯಲ್ಲಿ ಏನಿತ್ತೆಂದು ನೋಡುವ ಭಾಗ್ಯ ನನ್ನದಾಯಿತು. ಎದುರು ಮನೆಯವರು ಆಗಷ್ಟೇ ಹೆಪ್ಪು ಹಾಕಿದ್ದ ಪಾತ್ರೆಯನ್ನು ಅಲುಗಾಡಿಸದೆ ಹಿಡಿದು ನಿಂತಿದ್ದರು. ಮೂಲೆ ಮನೆಯ ನಿವೃತ್ತ ಮೇಷ್ಟರ ಬಳಿ ಛತ್ರಿ. ಕಾಲೇಜಿನ ಹುಡುಗಿಯೊಬ್ಬಳು ಫೋನನ್ನು ಒಳಗೇ ಬಿಟ್ಟು ಚಾರ್ಜರ್ ಉಳಿಸಿಕೊಂಡಿದ್ದಳು. ಕಾಗದಪತ್ರ ತಂದವರು ಒಬ್ಬರೂ ಇಲ್ಲ.

ಮಾರನೆಯ ದಿನವೇ ನನ್ನವಳ ಅಪ್ಪಣೆಯಾಯಿತು: "ರೀ, ಬೆಂಕಿಗೆ ಸುಡದ ಪೆಟ್ಟಿಗೆ ಬರುತ್ತಂತೆ, ನೋಡಿ." ನೋಡಿದೆ. ಬರುತ್ತದೆ. ಅರ್ಧ ಗಂಟೆ ತಡೆಯುವುದು, ಒಂದು ಗಂಟೆಯದು, ಎರಡು ಗಂಟೆಯದು ಎಂದು ಹೊತ್ತಿನ ಲೆಕ್ಕದಲ್ಲಿ ಮಾರುತ್ತಾರೆ. ಅಮೆರಿಕದ ಯುಎಲ್ ಮಾನದಂಡದ ಪ್ರಕಾರ ಕಾಗದದ ಪೆಟ್ಟಿಗೆಯ ಒಳಗಿನ ಬಿಸಿ 177 ಡಿಗ್ರಿ ಮೀರಬಾರದು. ಹಾರ್ಡ್ ಡಿಸ್ಕು, ಪೆನ್ ಡ್ರೈವ್‌ಗಳದು ಸುಕುಮಾರ ಜಾತಿ. ಅವಕ್ಕೆ 52 ಡಿಗ್ರಿಯೇ ಗಡಿ. ಕಲಬುರಗಿಯ ಮೇ ತಿಂಗಳು ಇನ್ನೊಂದು ಏಳೆಂಟು ಡಿಗ್ರಿ ಮನಸ್ಸು ಮಾಡಿದರೆ ಮುಟ್ಟಬಹುದಾದ ಅಂಕಿ. ಕಾಗದದ ಪೆಟ್ಟಿಗೆಯಲ್ಲಿ ಡಿಸ್ಕು ಇಟ್ಟರೆ ಕ್ರಯಪತ್ರ ಉಳಿಯುತ್ತದೆ, ಮಗನ ನಾಮಕರಣದ ವಿಡಿಯೋ ಹೋಗುತ್ತದೆ. ಸಾಲದ್ದಕ್ಕೆ ಇಂಥ ಪೆಟ್ಟಿಗೆಗಳ ಗೋಡೆಯಲ್ಲಿ ತುಂಬಿರುವ ಜಿಪ್ಸಮ್ಮಿನಂಥ ವಸ್ತು ಕಾದಾಗ ತನ್ನೊಳಗಿನ ನೀರನ್ನು ಆವಿಯಾಗಿ ಬಿಟ್ಟು ತಂಪು ಮಾಡುತ್ತದೆ. ಆ ಹಬೆ ಒಳಗೂ ನುಗ್ಗುವುದುಂಟು. ಆದ್ದರಿಂದ ಎಲ್ಲವನ್ನೂ ನೀರು ಹೋಗದ ಚೀಲದಲ್ಲಿ ಕಟ್ಟಿಡಬೇಕು. ಹಾಗೆಂದು ಲ್ಯಾಮಿನೇಷನ್ ಮಾಡಿಸಬಾರದು. ಪ್ಲಾಸ್ಟಿಕ್ಕು ಕರಗಿ ಅಕ್ಷರಗಳನ್ನೇ ಅಪ್ಪಿಕೊಂಡುಬಿಡುತ್ತದೆ. ಬೆಂಕಿ ಆರಿದೊಡನೆ ಮುಚ್ಚಳ ತೆಗೆಯಲೂಬಾರದು. ಒಳಗಿನ್ನೂ ಕಾದಿರುವ ಕಾಗದ ಗಾಳಿ ಸೋಕಿದೊಡನೆ ಹೊತ್ತಿಕೊಳ್ಳಬಹುದಂತೆ. ಪೂರ್ತಿ ತಣಿಯುವವರೆಗೆ ಕಾಯಬೇಕು. ಮನೆ ಸುಟ್ಟುಹೋಗಿ, ಒಂದೇ ಒಂದು ಪೆಟ್ಟಿಗೆ ಉಳಿದಿರುವಾಗ, ಅದನ್ನು ತೆರೆಯದೆ ಸುಮ್ಮನೆ ಕೂರುವ ಕುಟುಂಬ ನಮ್ಮ ವಂಶದಲ್ಲಂತೂ ಇಲ್ಲ.

ಇಷ್ಟೆಲ್ಲ ವಿವರಿಸಿದ ಅಂಗಡಿಯ ಹುಡುಗ ಕೊನೆಗೆ ಒಂದು ಅನುಕೂಲ ತೋರಿಸಿದ: "ಸರ್, ಎತ್ತಿಕೊಂಡು ಹೋಗೋಕೆ ಹಿಡಿಕೆ ಇದೆ." ಮುಖ್ಯವಾದದ್ದೆಲ್ಲ ಒಂದೇ ಕಡೆ, ಹಗುರ, ಮೇಲೆ ಹಿಡಿಕೆ. ಇಷ್ಟು ದಿನ ಕಳ್ಳನಿಗೆ ಯಾರೂ ಇಂಥ ಉಪಕಾರ ಮಾಡಿರಲಿಲ್ಲ.

ಮಗನಿಗೆ ಈ ಪೆಟ್ಟಿಗೆ ವ್ಯಾಪಾರವೇ ಹಾಸ್ಯಾಸ್ಪದ. "ಎಲ್ಲ ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಹಾಕಪ್ಪ. ಮೋಡಕ್ಕೆ ಬೆಂಕಿ ಬೀಳಲ್ಲ." ಬೀಳುತ್ತದೆ. ಅವನ ಮೋಡವೂ ನೆಲದ ಮೇಲಿನ ಯಾವುದೋ ಕಟ್ಟಡವೇ. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಉರಿದಾಗ, ಮೂಲವನ್ನೂ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಹಲವರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಲಿಥಿಯಂ ಬ್ಯಾಟರಿಯಿಂದ ಹತ್ತಿದ ಬೆಂಕಿಗೆ ಸರ್ಕಾರಿ ನೌಕರರ ಕಡತಗಳ 858 ಟೆರಾಬೈಟ್ ಭಂಡಾರವೇ ಆಹುತಿಯಾಯಿತು. ಗಾತ್ರ ದೊಡ್ಡದೆಂದು ಅದಕ್ಕೆ ಇನ್ನೊಂದು ಪ್ರತಿ ಮಾಡಿರಲಿಲ್ಲವಂತೆ. ಇದನ್ನು ಓದಿ ಹೇಳಿದಾಗ ಮಗ ಮಾತನಾಡಲಿಲ್ಲ. ತನ್ನ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿನ ಚಾರ್ಜಿಂಗಿನಿಂದ ಎತ್ತಿ ಮೇಜಿನ ಮೇಲಿಟ್ಟ.

ಬಲ್ಲವರ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. 3-2-1 ಎಂಬ ಈ ಲೆಕ್ಕವನ್ನು ಜನಪ್ರಿಯ ಮಾಡಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ನಮ್ಮಮ್ಮ ಅವರ ಹೆಸರು ಕೇಳಿದವರಲ್ಲ. ಆದರೆ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಒಂದು ಭರಣಿಯಲ್ಲಿ, ಒಂದು ಗಾಜಿನ ಬಾಟಲಿಯಲ್ಲಿ ಇಟ್ಟು, ಮೂರನೆಯದನ್ನು ಶಿವಮೊಗ್ಗದ ಮಗಳ ಮನೆಗೆ ಕಳಿಸುತ್ತಾರೆ. ಇಲ್ಲಿ ಬೂಷ್ಟು ಬಂದರೂ ಅಲ್ಲಿಂದ ತರಿಸಬಹುದು.

ಕಾಗದಪತ್ರದಲ್ಲಿ ಈ ಮೂರನೆಯ ಪ್ರತಿಯ ಸೌಕರ್ಯವನ್ನು ಗೃಹಸಾಲ ಮಾಡಿದವನು ತಿಳಿಯದೆಯೇ ಅನುಭವಿಸುತ್ತಿರುತ್ತಾನೆ. ಅವನ ಮೂಲಪತ್ರ ಬ್ಯಾಂಕಿನ ಭದ್ರಕೋಣೆಯಲ್ಲಿರುತ್ತದೆ. ಬಾಡಿಗೆಯನ್ನು ಬಡ್ಡಿ ಎಂದು ಕರೆಯುತ್ತಾರೆ, ಅಷ್ಟೆ. ಸಾಲ ತೀರಿದ ಮೇಲೂ ನಿಮ್ಮಲ್ಲೇ ಇರಲಿ ಎನ್ನುವಂತಿಲ್ಲ. 30 ದಿನದೊಳಗೆ ಹಿಂದಿರುಗಿಸದೆ ತಡಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿಬಿಟ್ಟಿದೆ.

ಹಾಗೆ ನೋಡಿದರೆ, ಬೀರುವಿನಲ್ಲಿ ಜೋಪಾನ ಮಾಡಿದ ಬಹುಪಾಲು ಕಾಗದ ಸುಟ್ಟರೂ ಮತ್ತೆ ಸಿಗುವಂಥದು. ಕ್ರಯಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿರುತ್ತದೆ. ಅರ್ಜಿ ಹಾಕಿದರೆ ದೃಢೀಕೃತ ಪ್ರತಿ ಕೊಡುತ್ತಾರೆ. ಪಹಣಿ ಭೂಮಿ ಯೋಜನೆಯ ಕಂಪ್ಯೂಟರಿನಲ್ಲಿದೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆಗೆ ಮೂಲದಷ್ಟೇ ಬೆಲೆ. ನಾವೇ ಫೋಟೋ ಹೊಡೆದು ಏರಿಸಿದ್ದಕ್ಕೆ ಆ ಮರ್ಯಾದೆಯಿಲ್ಲ. ಮಾರ್ಕ್ಸ್ ಕಾರ್ಡಿಗೂ ಎರಡನೇ ಪ್ರತಿ ಉಂಟು. ಅಫಿಡವಿಟ್ಟು, ಶುಲ್ಕ, ಸಾಲು, 'ನಾಳೆ ಬನ್ನಿ' ಇಷ್ಟನ್ನೂ ಸಹಿಸಿದರೆ ಸರ್ಕಾರ ನಿಮ್ಮನ್ನು ಎರಡನೇ ಸಲ ಹುಟ್ಟಿಸುತ್ತದೆ.

ಹೀಗಾಗಿ ಒಂದು ಭಾನುವಾರ ಎಲ್ಲವನ್ನೂ ಹಾಲ್‌ನಲ್ಲಿ ಹರಡಿ, ಮತ್ತೆ ಸಿಗುವುದು ಒಂದು ಕಡೆ, ಸಿಗದ್ದು ಇನ್ನೊಂದು ಕಡೆ ಎಂದು ವಿಂಗಡಿಸತೊಡಗಿದೆವು. ಸಿಗದ ಗುಂಪಿನಲ್ಲಿ ಬೀರುವಿನಿಂದ ಬಂದದ್ದು ಬಹಳ ಕಡಿಮೆ. ಹೆಚ್ಚಿನದೆಲ್ಲ ಅಟ್ಟದ ಮೇಲಿನ ಹಳೆ ಬಿಸ್ಕತ್ತಿನ ಡಬ್ಬದಿಂದ ಇಳಿಯಿತು: ಅಜ್ಜನ ಖರ್ಚಿನ ಡೈರಿ, ಅತ್ತೆಯ ಕೈಬರಹದ ಹಾಡಿನ ಪುಸ್ತಕ, ಯಾರೆಂದು ಅಮ್ಮನಿಗೆ ಮಾತ್ರ ಗೊತ್ತಿರುವವರ ಫೋಟೋಗಳು. ಸತ್ತ ಮಿಕ್ಸಿಯ ವಾರಂಟಿ ಕಾರ್ಡಿಗೆ ಉಕ್ಕಿನ ಕಾವಲು, ಇವಕ್ಕೆ ಹೆಗ್ಗಣದ ಕಾವಲು.

ಆಗ ಅಮ್ಮ ಒಳಗಿನಿಂದ ಕೆಂಪು ರಟ್ಟಿನ ಒಂದು ನೋಟ್‌ಬುಕ್ ತಂದು ಮುಂದಿಟ್ಟರು. "ಮೊದಲು ಇದನ್ನ ಹಾಕ್ರೋ." ಅದು ನಮ್ಮ ಮನೆಯ ಮದುವೆಗಳ ಮುಯ್ಯಿ ಪುಸ್ತಕ. ಯಾರು ಎಷ್ಟು ಓದಿಸಿದರು, ಯಾರದು ಸ್ಟೀಲ್ ಚೊಂಬು, ಯಾರದು ಗೋಡೆ ಗಡಿಯಾರ, ಎಲ್ಲ ಅದರಲ್ಲಿದೆ. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟದ್ದು ರಾಜಕುಮಾರಿಯ ಮದುವೆ ಸಂಭ್ರಮದಲ್ಲೇ ಎಂದು ಮಗ ಓದಿ ಹೇಳಿದ. "ಅರಮನೆ ಬಿಡೋ, ಮತ್ತೆ ಕಟ್ಟಿಕೊಂಡ್ರು," ಎಂದರು ಅಮ್ಮ. "ಮುಯ್ಯಿ ಪಟ್ಟಿ ಏನಾಯ್ತು?"

ಮುಯ್ಯಿ ಪುಸ್ತಕ ಪುಟಪುಟವಾಗಿ ಸ್ಕ್ಯಾನ್ ಆಯಿತು. ಒಂದು ಪ್ರತಿ ಕ್ಲೌಡಿಗೆ, ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಮೈಸೂರಿನ ದೊಡ್ಡಪ್ಪನ ಮಗನ ಮನೆಗೆ. ಬ್ಯಾಂಕಿನ ಕಾಗದಗಳಿಗೆ ಮಗ ಪಾಸ್‌ವರ್ಡ್ ಹಾಕಿದ. ಮುಯ್ಯಿಗೆಲ್ಲ ಯಾತರ ಬೀಗ ಎಂದು ಅಮ್ಮ ಬೇಡವೆಂದರು. ಆ ವಾರವೇ ಮೈಸೂರಿನ ಆ ಅಣ್ಣನ ಫೋನು: "ಚಿಕ್ಕಮ್ಮ, ನಮ್ಮಪ್ಪ ಕೊಟ್ಟಿದ್ದು ಜೋಡಿ ದೀಪ. ಇಲ್ಲಿ ಹಿತ್ತಾಳೆ ದೀಪ ಒಂದು ಅಂತಿದೆ. ಸರಿಮಾಡಿಸಿ."

ಅಮ್ಮ ನನ್ನ ಕಡೆ ತಿರುಗಿ, ಅಣ್ಣನಿಗೂ ಕೇಳುವಂತೆ ಹೇಳಿದರು: "ಬೆಂಕಿ ಬಿದ್ರೂ ಅಳಿಸಲ್ಲ ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಇನ್ನು ಇವನು ಹೇಳಿದ ಅಂತ ಅಳಿಸೋಕಾಗುತ್ತಾ?"